ಒಂದು ಹೆಸರು ಹಿಡಿದು ಹೊರಡಿ: ವಿದೇಶದ ಯುದ್ಧ ಸ್ಮಾರಕ ನೋಡುವವರಿಗೆ ಮಾರ್ಗದರ್ಶಿ

ಸಿಂಗಪುರದ ಕ್ರಾಂಜಿ ಯುದ್ಧ ಸ್ಮಾರಕಕ್ಕೆ ನಾನು ಮೊದಲ ಸಲ ಹೋದಾಗ ಮಧ್ಯಾಹ್ನ ಹನ್ನೆರಡು ಗಂಟೆ. ತಂಗಿ ಮನೆಯಲ್ಲಿ ಹತ್ತು ದಿನ ಇದ್ದು, ಊರೆಲ್ಲ ಸುತ್ತಿ, ವಾಪಸ್ ಹೊರಡುವ ದಿನ ಇದಕ್ಕೆ ಬಿಡುವು ಮಾಡಿಕೊಂಡಿದ್ದೆ. ತಲೆಗೆ ಟೋಪಿ ಇಲ್ಲ, ಕೈಯಲ್ಲಿ ಕೊಡೆ ಇಲ್ಲ. ಶಿಡ್ಲಘಟ್ಟದ ನಮ್ಮ ಬೀದಿಯ ಅಜ್ಜಿ ಒಂದು ಮಾತು ಹೇಳಿ ಕಳಿಸಿದ್ದರು: "ನಾನು ಹೊಟ್ಟೇಲಿದ್ದಾಗ ನಮ್ಮಪ್ಪ ಸಿಂಗಪುರದ ಲಡಾಯಿಗೆ ಹೋದೋನು ಬರ್ಲೇ ಇಲ್ಲ. ಅಲ್ಲಿ ಗೋಡೆ ಮೇಲೆ ಹೆಸರು ಬರೆದವ್ರಂತೆ. ಒಂಚೂರು ನೋಡ್ಕೊಂಡ್ ಬಾ ಮಗ."

ಅಜ್ಜಿಯ ಅಪ್ಪನ ಹೆಸರು ಗೊತ್ತಲ್ಲ, ಹುಡುಕಿದರಾಯಿತು ಅಂದುಕೊಂಡಿದ್ದೆ. ಹೋಗಿ ನೋಡಿದರೆ ಗೋಡೆಗಳ ಮೇಲೆ ಎರಡನೇ ಮಹಾಯುದ್ಧದಲ್ಲಿ ಸತ್ತ 24,000ಕ್ಕೂ ಹೆಚ್ಚು ಜನರ ಹೆಸರು. ಎರಡು ಗಂಟೆ ಬಿಸಿಲಲ್ಲಿ ಓದಿದೆ. ಕಣ್ಣು ಉರಿಯಿತು, ಹೆಸರು ಸಿಗಲಿಲ್ಲ. ವಿಮಾನಕ್ಕೆ ಹೊತ್ತಾಯಿತು, ಬರಿಗೈಲಿ ಬಂದೆ.

ತಪ್ಪು ನನ್ನದೇ. ಆ ತಪ್ಪನ್ನು ನೀವು ಮಾಡದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಒಂದೇ ಪ್ರವಾಸದಲ್ಲಿ ಹತ್ತು ಸ್ಮಾರಕ ನೋಡಬೇಡಿ. ಒಂದು ಹೆಸರು ಹಿಡಿದುಕೊಂಡು ಒಂದು ಜಾಗಕ್ಕೆ ಹೋಗಿ. ಅದು ನಿಮ್ಮ ಮನೆಯವರದೇ ಆಗಬೇಕು ಅಂತೇನಿಲ್ಲ. ನಿಮ್ಮ ತಾಲ್ಲೂಕಿನ ಯಾರದಾದರೂ ಆದೀತು.

ಮೊದಲು ಊರಿನ ಕಲ್ಲು ಓದಿ

ಪಾಸ್‌ಪೋರ್ಟ್‌ಗಿಂತ ಮೊದಲು ಈ ಅಭ್ಯಾಸ ಮಾಡಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಕಡೆ ವೀರಗಲ್ಲುಗಳು ಬೇಕಾದಷ್ಟಿವೆ. ಕೆರೆ ಏರಿ ಮೇಲೆ, ಗುಡಿ ಪಕ್ಕ, ಹೊಲದ ಬದುವಿನಲ್ಲಿ. ನಾವು ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದು ಹೋಗುತ್ತೇವೆ, ಓದುವುದಿಲ್ಲ. ಒಂದು ಸಲ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಳಗಿನಿಂದ ಮೇಲಕ್ಕೆ ನೋಡಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಜಗಳ ನಡೆಯುತ್ತಿರುತ್ತದೆ. ಎಷ್ಟೋ ಕಲ್ಲುಗಳಲ್ಲಿ ದನಗಳೂ ಇರುತ್ತವೆ, ಯಾಕೆಂದರೆ ಆ ಮನುಷ್ಯ ಸತ್ತಿದ್ದೇ ಊರಿನ ದನ ಬಿಡಿಸಿಕೊಳ್ಳಲು ಹೋಗಿ. ನಡುವೆ ದೇವಲೋಕದ ಹೆಣ್ಣುಗಳು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಲಿಂಗ, ಕೈಲಾಸ. ಬರಹ ಇದ್ದರೆ ಸತ್ತವನು ಯಾರು, ಯಾರ ಕಾಲದಲ್ಲಿ ಸತ್ತ, ಕಲ್ಲು ನಿಲ್ಲಿಸಿದವರು ಯಾರು ಅಂತ ಇರುತ್ತದೆ.

ಫ್ರಾನ್ಸಿನ ಯುದ್ಧ ಸ್ಮಶಾನದ ಸಮಾಧಿ ಕಲ್ಲೂ ಹೇಳುವುದು ಇಷ್ಟನ್ನೇ: ಯಾರು, ಯಾವ ಪಡೆ, ಯಾವ ದಿನ.

ಇನ್ನೊಂದು ಅಭ್ಯಾಸ ನಂದಿ ಬೆಟ್ಟದಲ್ಲಿ ಮಾಡಬಹುದು. ಮಂಜು ನೋಡೋಕೆ ಬೆಳಿಗ್ಗೆ ಐದಕ್ಕೇ ಸಾಲು ನಿಲ್ಲುತ್ತೇವೆ, ಅಲ್ವಾ. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಬ್ರಿಟಿಷ್ ಪಡೆ ಟಿಪ್ಪುವಿನ ಸೈನ್ಯದ ಕೈಯಿಂದ ಈ ಕೋಟೆ ಕಿತ್ತುಕೊಂಡಿತು. ಮುಂದಿನ ಸಲ ಕೋಟೆ ಗೋಡೆಯ ಹತ್ತಿರ ಅರ್ಧ ಗಂಟೆ ನಿಂತು, ಕೆಳಗಿಂದ ಫಿರಂಗಿ ಎಳೆದುಕೊಂಡು ಬಂದವರ ಪಾಡು, ಮೇಲೆ ಕಾದು ಕೂತವರ ಪಾಡು ಎರಡನ್ನೂ ಯೋಚಿಸಿ. ಆಮೇಲೆ ಬಜ್ಜಿ ತಿನ್ನಿ, ಬೇಡ ಅನ್ನುವವರು ಯಾರು.

ಹೆಸರು ಹುಡುಕುವುದು

ಇದೇ ಮುಖ್ಯ ಕೆಲಸ. ಎರಡು ಮೂರು ಭಾನುವಾರ ಇದಕ್ಕೇ ಇಡಿ.

ಮನೆಯ ಟ್ರಂಕಿನಿಂದ ಶುರು ಮಾಡಿ. ಹಳೇ ಪಿಂಚಣಿ ಪುಸ್ತಕ, ಡಿಸ್ಚಾರ್ಜ್ ಕಾಗದ, ಮನಿಯಾರ್ಡರ್ ರಸೀದಿ, ಸಮವಸ್ತ್ರದ ಫೋಟೋ. ಫೋಟೋದಲ್ಲಿ ಟೋಪಿ ಅಥವಾ ಭುಜದ ಮೇಲಿನ ಬಿಲ್ಲೆ ಯಾವ ಪಡೆ ಅನ್ನುವುದಕ್ಕೆ ಸುಳಿವು. ಪದಕ ಇದ್ದರೆ ಮುಖ ನೋಡಿ ಇಟ್ಟುಬಿಡಬೇಡಿ, ಅಂಚು ನೋಡಿ. ಮೊದಲ ಮಹಾಯುದ್ಧದ ಬೆಳ್ಳಿ ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆ ಕೊರೆದಿರುತ್ತಾರೆ. ಬೆಳ್ಳಿ ಅಂಗಡಿಗೆ ಹಾಕುವ ಮುಂಚೆ ಅದೊಂದನ್ನು ಓದಿದ್ದರೆ ಎಷ್ಟು ಮನೆಗಳ ಕಥೆ ಉಳಿಯುತ್ತಿತ್ತೋ.

ಆಮೇಲೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಜಾಲತಾಣಕ್ಕೆ ಹೋಗಿ. 1917ರಲ್ಲಿ ಶುರುವಾದ ಸಂಸ್ಥೆ. ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪಡೆಗಳಲ್ಲಿದ್ದು ಸತ್ತ ಸುಮಾರು 17 ಲಕ್ಷ ಜನರ ಲೆಕ್ಕ ಇಟ್ಟಿದೆ. 150ಕ್ಕೂ ಹೆಚ್ಚು ದೇಶಗಳಲ್ಲಿ ಸಮಾಧಿ, ಸ್ಮಾರಕ ನೋಡಿಕೊಳ್ಳುತ್ತದೆ. ಹುಡುಕಲು ದುಡ್ಡು ಕೊಡಬೇಕಿಲ್ಲ. ಯುದ್ಧ ಮುಗಿಸಿ ಊರಿಗೆ ಬಂದು, ವಯಸ್ಸಾಗಿ ತೀರಿಕೊಂಡವರ ಹೆಸರು ಇಲ್ಲಿ ಇರುವುದಿಲ್ಲ. ಅದನ್ನು ಮೊದಲೇ ತಿಳಿದುಕೊಳ್ಳಿ, ಸುಮ್ನೆ ಕಷ್ಟಪಡಬೇಡಿ.

ನಮ್ಮ ಕಡೆಯವರು ಮುಗ್ಗರಿಸುವುದು ಎರಡು ಕಡೆ.

ಒಂದು, ಹೆಸರಿನ ಕಾಗುಣಿತ. ಗುಮಾಸ್ತ ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದುಕೊಂಡ. ಮನೆಯಲ್ಲಿ ಮುನಿಶಾಮಪ್ಪ ಆಗಿದ್ದವನು ದಾಖಲೆಯಲ್ಲಿ ಮುನಿಸ್ವಾಮಿ, ಮುನಿಸಾಮಿ, ಮುನುಸಾಮಿ ಏನು ಬೇಕಾದರೂ ಆಗಿರಬಹುದು. ಕೊನೆಯ 'ಅಪ್ಪ' ಹಾರಿಹೋಗಿರುತ್ತದೆ. ಪೂರ್ತಿ ಹೆಸರು ಹಾಕಿ ಸಿಗದಿದ್ದರೆ ಮೊದಲ ಮೂರು ನಾಲ್ಕು ಅಕ್ಷರ ಹಾಕಿ. ಯಾವ ಯುದ್ಧ, ಯಾವ ದೇಶದ ಸೈನ್ಯ, ಯಾವ ವರ್ಷದಿಂದ ಯಾವ ವರ್ಷ ಅಂತ ಸೋಸಿ. ಬಂದೂಕು ಹಿಡಿದವರನ್ನಷ್ಟೇ ಹುಡುಕಬೇಡಿ. ಲಾರಿ ಓಡಿಸಿದವರು, ಅಡುಗೆಯವರು, ನೀರು ಹೊತ್ತವರು, ಸೇತುವೆ ಕಟ್ಟಿದ ಮದ್ರಾಸ್ ಸ್ಯಾಪರ್ಸ್, ಎಲ್ಲರ ಹೆಸರೂ ಇರುತ್ತದೆ.

ಎರಡು, ಜಿಲ್ಲೆಯ ಹೆಸರು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕೆ ಮುಂಚೆ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ ಎಲ್ಲ ಕೋಲಾರಕ್ಕೇ ಸೇರಿತ್ತು. ಹಾಗಾಗಿ ಆ ಕಾಲದ ದಾಖಲೆಯಲ್ಲಿ 'ಕೋಲಾರ' ಅಂತಲೇ ನೋಡಬೇಕು. ಕೆಲವು ಕಡೆ ಬರೀ 'ಮೈಸೂರು' ಅಂತ ಇರುತ್ತದೆ, ಅದು ಸಂಸ್ಥಾನ, ಊರಲ್ಲ. ತುಮಕೂರಿನವರು ಹಳೆಯ 'ತುಮ್ಕೂರ್' ಕಾಗುಣಿತ ಹಾಕಿ ನೋಡಿ.

ಹೆಸರು ಸಿಕ್ಕಿದರೆ ಆ ಪುಟ ಪೂರ್ತಿ ಓದಿ, ಪ್ರಿಂಟ್ ತೆಗೆಸಿ. ಅದರಲ್ಲಿ ಬಹಳ ಬೇಕಾದದ್ದು ಜಾಗದ ಸಂಖ್ಯೆ. ಸಮಾಧಿ ಇದ್ದರೆ ಯಾವ ಭಾಗ, ಯಾವ ಸಾಲು, ಎಷ್ಟನೆಯದು ಅಂತ ಇರುತ್ತದೆ. ಗೋಡೆ ಮೇಲೆ ಹೆಸರಿದ್ದರೆ ಫಲಕದ ಅಥವಾ ಕಾಲಮ್ಮಿನ ಸಂಖ್ಯೆ. ನನ್ನ ಹತ್ತಿರ ಅವತ್ತು ಇಲ್ಲದೇ ಇದ್ದದ್ದು ಈ ಒಂದು ಸಂಖ್ಯೆ.

ಇನ್ನೊಂದು ವಿಷಯ. ಹಿಂದೂ ಸೈನಿಕರನ್ನು ಸಾಮಾನ್ಯವಾಗಿ ಸುಡುತ್ತಿದ್ದರು. ಅವರಿಗೆ ಸಮಾಧಿ ಇರುವುದಿಲ್ಲ, ಹೆಸರು ಗೋಡೆಯ ಮೇಲೋ ದಹನ ಸ್ಮಾರಕದ ಮೇಲೋ ಇರುತ್ತದೆ. "ನಮ್ಮವರಿಗೆ ಕಲ್ಲೇ ಇಲ್ಲವಲ್ಲ" ಅಂತ ಬೇಜಾರು ಮಾಡಿಕೊಂಡವರನ್ನು ನೋಡಿದ್ದೇನೆ. ಕ್ರಾಂಜಿಯಲ್ಲಿ ಹೀಗೆ ದಹನವಾದ ಸುಮಾರು 800 ಜನರಿಗೆ ಬೇರೆಯದೇ ಸ್ಮಾರಕ ಇದೆ, ಅವರಲ್ಲಿ ಹೆಚ್ಚಿನವರು ಭಾರತದ ಸೈನ್ಯದವರು.

ಯಾವ ಜಾಗ

ಹೆಸರು ಸಿಕ್ಕಿದರೆ ಜಾಗವನ್ನು ಅದೇ ಹೇಳುತ್ತದೆ. ಸಿಗದಿದ್ದರೆ, ಅಥವಾ ಹೇಗೂ ಬೇರೆ ಕೆಲಸಕ್ಕೆ ಹೋಗುತ್ತಿದ್ದರೆ, ನಮ್ಮವರಿಗೆ ಹೊಂದುವ ಕೆಲವು ಜಾಗಗಳು ಇವು.

ಸಿಂಗಪುರ ಎಲ್ಲಕ್ಕಿಂತ ಸುಲಭ. ಕ್ರಾಂಜಿ ಅಂತಲೇ ಮೆಟ್ರೋ ನಿಲ್ದಾಣ ಇದೆ, ಕೆಂಪು ಮಾರ್ಗದಲ್ಲಿ. ಇಳಿದು ನಡೆದರೆ ಸಾಕು. ದಿಬ್ಬದ ಮೇಲಿನ ಸ್ಮಾರಕವನ್ನು ಕೆಳಗೇ ನಿಂತು ಒಮ್ಮೆ ನೋಡಿ. ಸಾಲುಗಟ್ಟಿ ನಿಂತ ಕಂಬಗಳು ಭೂಸೇನೆ, ಮೇಲಿನ ಚಾವಣಿ ವಿಮಾನದ ರೆಕ್ಕೆ, ನಡುವೆ ಎದ್ದ ಗೋಪುರ ಜಲಾಂತರ್ಗಾಮಿಯ ತಲೆ. ಬ್ರಿಟಿಷರು 1942ರ ಫೆಬ್ರವರಿ 15ರಂದು ಜಪಾನಿಗೆ ಶರಣಾದ ಹಳೇ ಫೋರ್ಡ್ ಕಾರ್ಖಾನೆ ಈಗ ಮ್ಯೂಸಿಯಂ. ಅದನ್ನೂ ಅದೇ ದಿನ ನೋಡಬಹುದು.

ಥಾಯ್ಲೆಂಡಿಗೆ ಹೋಗುವವರು ಬ್ಯಾಂಕಾಕಿನ ಥೋನ್‌ಬುರಿ ನಿಲ್ದಾಣದಿಂದ ಬೆಳಗಿನ ರೈಲು ಹಿಡಿದು ಕಾಂಚನಬುರಿಗೆ ಹೋಗಿ. ನಿಲ್ದಾಣದ ಹತ್ತಿರವೇ ಯುದ್ಧ ಸ್ಮಶಾನ. ಅಲ್ಲಿಂದ ಮುಂದಕ್ಕೂ ರೈಲು ಹೋಗುತ್ತದೆ. ನೀವು ಕೂತಿರುವುದೇ ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಯುದ್ಧಕೈದಿಗಳಿಂದ, ಕೂಲಿಗಳಿಂದ ಹಾಕಿಸಿದ 415 ಕಿಲೋಮೀಟರ್ ಸಾವಿನ ರೈಲು ಮಾರ್ಗದ ಉಳಿದ ತುಂಡಿನ ಮೇಲೆ. ಬಂಡೆ ಸೀಳಿ ದಾರಿ ಮಾಡಿದ ಹೆಲ್‌ಫೈರ್ ಪಾಸ್ ಇನ್ನೂ ಮುಂದಿದೆ. ಆಸ್ಟ್ರೇಲಿಯಾ ಸರ್ಕಾರ ನಡೆಸುವ ಮ್ಯೂಸಿಯಂ ಅಲ್ಲಿದೆ. ಮೆಟ್ಟಿಲು ಜಾಸ್ತಿ, ಮಂಡಿ ನೋವಿನವರು ಮೇಲಿಂದಲೇ ನೋಡಿ.

ಶ್ರೀಲಂಕಾದಲ್ಲಿ ಕೊಲಂಬೋ ಪಕ್ಕ, ಅವರ ಸಂಸತ್ತಿನ ಹತ್ತಿರ, ಭಾರತದ ಶಾಂತಿಪಾಲನಾ ಪಡೆಯ ಸ್ಮಾರಕ ಇದೆ. 1987ರಿಂದ 1990ರವರೆಗೆ ಅಲ್ಲಿ ಸತ್ತ ಸುಮಾರು 1,200 ನಮ್ಮ ಸೈನಿಕರದ್ದು. ಇದು ಅಜ್ಜಂದಿರ ಕಾಲದ ಮಾತಲ್ಲ. ಅವರ ಹೆಂಡತಿಯರು, ಮಕ್ಕಳು ಇವತ್ತೂ ನಮ್ಮ ನಡುವೆ ಇರುವ ಕಾಲದ್ದು. ಕೊಲಂಬೋಗೆ ಹೋದ ಎಷ್ಟು ಜನ ಇದನ್ನು ನೋಡಿ ಬರುತ್ತಾರೆ?

ಯುರೋಪಿಗೆ ಹೋದರೆ ಫ್ರಾನ್ಸಿನ ನ್ಯೂವ್ ಶಾಪೆಲ್. 1915ರ ಮಾರ್ಚ್‌ನಲ್ಲಿ ಭಾರತದ ಪಡೆ ಹೋರಾಡಿದ ಊರು. 1927ರಲ್ಲಿ ಕಟ್ಟಿ ಮುಗಿಸಿದ ಸ್ಮಾರಕದಲ್ಲಿ ಸಮಾಧಿಯೇ ಇಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರಿದೆ. 15 ಮೀಟರ್ ಎತ್ತರದ ಕಂಬ, ಅದರ ತುದಿಯಲ್ಲಿ ತಾವರೆ, ಬುಡದಲ್ಲಿ ಹುಲಿಗಳು. ಹತ್ತಿರದ ದೊಡ್ಡ ಊರು ಲಿಲ್, ಅಲ್ಲಿಂದ ಬಾಡಿಗೆ ಕಾರೇ ವಾಸಿ. ಗಡಿ ದಾಟಿದರೆ ಬೆಲ್ಜಿಯಮ್ಮಿನ ಈಪರ್. ಸತ್ತ ಸೈನಿಕರ ಹೆಸರು ಕೊರೆದ ಅಲ್ಲಿನ ಮೆನಿನ್ ಗೇಟ್‌ನಲ್ಲಿ ದಿನಾ ರಾತ್ರಿ ಎಂಟಕ್ಕೆ ಕಹಳೆ ಊದುತ್ತಾರೆ. 1928ರಿಂದ ಇದು ನಡೆದು ಬಂದಿದೆ, ಜರ್ಮನ್ನರು ಊರು ಹಿಡಿದಿದ್ದ ವರ್ಷಗಳಲ್ಲಿ ಮಾತ್ರ ಅಲ್ಲಿ ನಿಂತಿತ್ತು. ಏಳೂವರೆಗೇ ಹೋಗಿ ನಿಂತರೆ ಮುಂದೆ ಜಾಗ ಸಿಗುತ್ತದೆ. ಮುಗಿದ ಮೇಲೆ ಚಪ್ಪಾಳೆ ತಟ್ಟಬೇಡಿ. ಇಂಗ್ಲೆಂಡಿನಲ್ಲಿ ಬ್ರೈಟನ್ ಹತ್ತಿರದ ಗುಡ್ಡದ ಮೇಲೆ ಒಂದು ಛತ್ರಿ ಇದೆ, 53 ಹಿಂದೂ, ಸಿಖ್ ಸೈನಿಕರನ್ನು ದಹನ ಮಾಡಿದ ಜಾಗ. ಹುಲ್ಲುಗಾವಲಿನಲ್ಲಿ ನಡೆದೇ ಹೋಗಬೇಕು.

ಮೈಸೂರು ಸಂಸ್ಥಾನದವರಿಗೆ ಬಹಳ ಹತ್ತಿರದ ಹೆಸರು ಹೈಫಾ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಮೇಲೆ ನುಗ್ಗಿ ಆ ಊರು ಹಿಡಿದವು. ಇಸ್ರೇಲಿಗೆ ಹೋಗುವುದು ಆಯಾ ಹೊತ್ತಿನ ಪರಿಸ್ಥಿತಿ ನೋಡಿಕೊಂಡು. ವಿದೇಶಾಂಗ ಸಚಿವಾಲಯದ ಸೂಚನೆ ಓದದೆ ಟಿಕೆಟ್ ಮಾಡಬೇಡಿ. ಅಲ್ಲಿಯವರೆಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ನೋಡಿ, ಬಸ್ ಚಾರ್ಜಿನಲ್ಲಿ ಆಗುತ್ತದೆ.

ಟಿಕೆಟ್ಟು, ಕಾಗದ ಪತ್ರ

ಇದರ ಬಗ್ಗೆ ಬರೆಯುವವರು ಸಾವಿರ ಜನ ಇದ್ದಾರೆ, ನಾನು ಚುಟುಕಾಗಿ ಮುಗಿಸುತ್ತೇನೆ. ಏರ್‌ಪೋರ್ಟು ಬೆಂಗಳೂರಿನವರಿಗಿಂತ ನಮಗೇ ಹತ್ತಿರ. ಶಿಡ್ಲಘಟ್ಟದಿಂದ ವಿಜಯಪುರ, ದೇವನಹಳ್ಳಿ, ಅಷ್ಟೇ. ಸಿಂಗಪುರದ ವೀಸಾ ಅಧಿಕೃತ ಏಜೆಂಟರ ಮೂಲಕ ಆಗುತ್ತದೆ. ಯುರೋಪಿನ ಷೆಂಗೆನ್ ವೀಸಾಕ್ಕೆ ಅಪಾಯಿಂಟ್‌ಮೆಂಟ್ ಸಿಗುವುದೇ ತಡ, 30,000 ಯೂರೋ ವಿಮೆಯೂ ಬೇಕು. ವೀಸಾ ನಿಯಮ ಬದಲಾಗುತ್ತಲೇ ಇರುತ್ತದೆ. ಟಿಕೆಟ್ ಕೊಳ್ಳುವ ವಾರ ಆಯಾ ದೇಶದ ಸರ್ಕಾರಿ ಜಾಲತಾಣವನ್ನೇ ನೋಡಿ, ಪಕ್ಕದ ಮನೆಯವರು ಹೋದ ವರ್ಷ ಹೇಗೆ ಹೋದರು ಅನ್ನುವುದನ್ನಲ್ಲ.

ಸ್ಮಾರಕವನ್ನು ಪ್ರವಾಸದ ಎರಡನೇ ದಿನಕ್ಕೋ ಮೂರನೇ ದಿನಕ್ಕೋ ಇಟ್ಟುಕೊಳ್ಳಿ. ಕೊನೆಯ ದಿನಕ್ಕೆ ಬೇಡ. ಬೆಳಿಗ್ಗೆ ಹೊತ್ತು ಹೋಗಿ.

ಅಲ್ಲಿ ನಿಂತಾಗ

ಒಳಗೆ ಕಾಲಿಟ್ಟ ಕೂಡಲೇ ಹೆಸರಿನ ಕಡೆ ಓಡಬೇಡಿ. ಕಾಮನ್‌ವೆಲ್ತ್ ಸ್ಮಶಾನಗಳಲ್ಲಿ ಬಾಗಿಲ ಹತ್ತಿರ ಗೋಡೆಯಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಗೂಡು ಇರುತ್ತದೆ. ಅದರೊಳಗೆ ಹೆಸರುಗಳ ರಿಜಿಸ್ಟರ್, ನಕ್ಷೆ, ಭೇಟಿ ಕೊಟ್ಟವರು ಬರೆಯುವ ಪುಸ್ತಕ. ಬಾಗಿಲು ತೆಗೆದು ನೋಡಲು ಯಾರನ್ನೂ ಕೇಳಬೇಕಿಲ್ಲ. ಪುಸ್ತಕದಲ್ಲಿ ಕನ್ನಡದಲ್ಲೇ ನಾಲ್ಕು ಮಾತು ಬರೆಯಿರಿ, ಊರಿನ ಹೆಸರು ಹಾಕಿ.

ಸಾಲುಗಳ ನಡುವೆ ನಡೆಯುವಾಗ ಒಂದು ಗಮನಿಸಿ. ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು. ಮೇಲೆ ಪಡೆಯ ಚಿಹ್ನೆ, ಆಮೇಲೆ ಹೆಸರು, ದಿನಾಂಕ, ಧರ್ಮದ ಗುರುತು. ಕಾಂಚನಬುರಿಯಲ್ಲಿ ನಿಂತ ಕಲ್ಲಿಲ್ಲ, ನೆಲಮಟ್ಟದ ಗಿಡ್ಡ ಪೀಠದ ಮೇಲೆ ಕಂಚಿನ ಫಲಕ. ಕೆಲವು ಕಲ್ಲಿನ ಮೇಲೆ ಹೆಸರೇ ಇರುವುದಿಲ್ಲ, 'ದೇವರಿಗೆ ಗೊತ್ತು' ಅನ್ನುವ ಅರ್ಥದ ಒಂದು ಸಾಲು ಮಾತ್ರ.

ಅಕ್ಷರ ಮಾಸಿದ್ದರೆ ನಾವು ಊರಲ್ಲಿ ಮಾಡುವ ಹಾಗೆ ಸುಣ್ಣವೋ ಹಿಟ್ಟೋ ಸವರಬೇಡಿ, ಕಲ್ಲು ಕೆಡುತ್ತದೆ. ಮೊಬೈಲ್ ಟಾರ್ಚನ್ನು ಗೋಡೆಗೆ ತಾಗುವಷ್ಟು ಹತ್ತಿರ, ಪಕ್ಕದಿಂದ ಹಿಡಿಯಿರಿ. ಎದುರಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಪಕ್ಕದಿಂದ ಬಿಟ್ಟರೆ ಕೊರೆದ ಗೆರೆಯೊಳಗೆ ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ. ಕ್ರಾಂಜಿಗೆ ಎರಡನೇ ಸಲ ಹೋದಾಗ ಆ ಹೆಸರನ್ನು ನಾನು ಓದಿದ್ದು ಹೀಗೆ. ಈ ಸಲ ಕಾಲಮ್ ಸಂಖ್ಯೆ ಚೀಟಿಯಲ್ಲಿತ್ತು, ಐದು ನಿಮಿಷ ಹಿಡಿಯಿತು. ಒಂದೇ ತರಹದ ಹೆಸರು ಕೆಳಗೆ ಮೇಲೆ ನಾಲ್ಕಿದ್ದವು, ಪಡೆ ನೋಡಿ ಗುರುತು ಹಿಡಿದೆ.

ಹೂವು ಇಡಬಹುದು, ಅಲ್ಲೇ ಕೊಂಡು ಇಡಿ. ಕುಂಕುಮ ಹಚ್ಚುವುದು, ಕರ್ಪೂರ ಹಚ್ಚುವುದು, ಕಾಯಿ ಒಡೆಯುವುದು ಬೇಡ. ಊರಿನ ಮಣ್ಣು ಒಯ್ದು ಅಲ್ಲಿ ಹಾಕಬೇಕು, ಅಲ್ಲಿನ ಮಣ್ಣು ತರಬೇಕು ಅನ್ನುವ ಆಸೆ ಬಹಳ ಜನಕ್ಕೆ. ಮಣ್ಣು, ಬೀಜ, ಗಿಡ ಗಡಿ ದಾಟಿಸಲು ಹೆಚ್ಚಿನ ದೇಶಗಳಲ್ಲಿ ಕಟ್ಟುಪಾಡು ಇದೆ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀರಿ. ಚಪ್ಪಲಿ ಬಿಡಬೇಕಿಲ್ಲ. ಬಿಟ್ಟರೆ ಸಿಂಗಪುರದ ಬಿಸಿಲಿಗೆ ಕಾಲು ಸುಡುತ್ತದೆ, ಅಷ್ಟೇ. ತಿಂಡಿ ಹೊರಗೆ ತಿನ್ನಿ. ನಾನು ಹುರಿಹಿಟ್ಟು, ಬೆಲ್ಲ ಕಟ್ಟಿಕೊಂಡು ಹೋಗಿದ್ದೆ, ಬಾಗಿಲಾಚೆ ಮರದಡಿ ಕೂತು ತಿಂದೆ.

ಫೋಟೋ ತೆಗೆಯಿರಿ, ತಪ್ಪಿಲ್ಲ. ಸಮಾಧಿ ಕಲ್ಲಿಗೆ ಒರಗಿಕೊಂಡು, ನಗುತ್ತಾ ಬೇಡ. ಕೆಲವು ಕಡೆ ನಿಯಮ ಕಟ್ಟುನಿಟ್ಟು. ನಾಜಿಗಳು ಲಕ್ಷಾಂತರ ಜನರನ್ನು ಕೊಂದ ಪೋಲೆಂಡಿನ ಆಶ್ವಿಟ್ಜ್‌ನಲ್ಲಿ ಸತ್ತವರ ಕೂದಲು ಇಟ್ಟಿರುವ ಕೋಣೆಯಲ್ಲಿ ಕ್ಯಾಮೆರಾ ಎತ್ತುವ ಹಾಗಿಲ್ಲ. ಅಲ್ಲಿಗೆ ಮೊದಲೇ ಆನ್‌ಲೈನಲ್ಲಿ ಸಮಯ ಕಾದಿರಿಸಬೇಕು, ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ, 14 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಕರೆತರಬೇಡಿ ಅಂತ ಅವರೇ ಹೇಳುತ್ತಾರೆ.

ಮಕ್ಕಳ ಮಾತು ಬಂತು. ಹಿರೋಷಿಮಾ ಮ್ಯೂಸಿಯಮ್ಮಿನಲ್ಲಿ ಮೂರು ವರ್ಷದ ಮಗುವಿನ ಸುಟ್ಟು ತುಕ್ಕು ಹಿಡಿದ ಮೂರುಗಾಲಿ ಸೈಕಲ್ ಇದೆ. 1945ರ ಆಗಸ್ಟ್ 6ರ ಬೆಳಿಗ್ಗೆ 8:15ಕ್ಕೆ ಬಾಂಬ್ ಬಿದ್ದಾಗ ಆ ಮಗು ಅದರ ಮೇಲೆ ಆಡುತ್ತಿತ್ತು. ದೊಡ್ಡವರಿಗೇ ತಡೆಯುವುದಿಲ್ಲ. ಚಿಕ್ಕ ಮಕ್ಕಳನ್ನು ಹೊರಗಿನ ಉದ್ಯಾನದಲ್ಲಿ ಒಬ್ಬರು ನೋಡಿಕೊಂಡು, ಸರದಿ ಮೇಲೆ ಒಳಗೆ ಹೋಗಿ ಬನ್ನಿ. ಅದೇ ದಿನ ಸಂಜೆ ಬೇರೆ ಏನೂ ಇಟ್ಟುಕೊಳ್ಳಬೇಡಿ.

ಯಾರ ನೆನಪು, ಯಾರು ಬಿಟ್ಟುಹೋದರು

ಸ್ಮಾರಕ ಅಂದರೆ ಯಾರೋ ಕಟ್ಟಿಸಿದ್ದು. ಕಟ್ಟಿಸಿದವರು ಯಾರು ಅಂತ ಕೇಳಿಕೊಳ್ಳದೆ ತಲೆ ಬಾಗಬೇಡಿ. ಟೋಕಿಯೋದ ಯಸುಕುನಿ ಗುಡಿಗೆ ಬಹಳ ಭಾರತೀಯರು ಹೋಗುತ್ತಾರೆ, ಯಾಕೆಂದರೆ ಜಪಾನಿನ ಯುದ್ಧಾಪರಾಧ ವಿಚಾರಣೆಯಲ್ಲಿ ಆರೋಪಿಗಳು ನಿರ್ದೋಷಿಗಳು ಅಂದ ಭಾರತದ ನ್ಯಾಯಾಧೀಶ ರಾಧಾಬಿನೋದ್ ಪಾಲ್ ಅವರ ಸ್ಮಾರಕ ಅಲ್ಲಿದೆ. ಅದೇ ಗುಡಿಯಲ್ಲಿ ಯುದ್ಧಾಪರಾಧಿಗಳೆಂದು ತೀರ್ಪಾದವರಿಗೂ ಪೂಜೆ ಸಲ್ಲುತ್ತದೆ. ಚೀನಾ, ಕೊರಿಯಾದವರಿಗೆ ಅದು ಉರಿಯುವ ಗಾಯ. ಹೋಗಿ, ತಿಳಿದು ಹೋಗಿ.

ಸಿಂಗಪುರದಲ್ಲಿ ನಮಗೇ ಇಂಥ ಇಕ್ಕಟ್ಟು ಇದೆ. ಕ್ರಾಂಜಿಯ ಗೋಡೆಯಲ್ಲಿರುವವರು ಬ್ರಿಟಿಷರ ಸೈನ್ಯದಲ್ಲಿ ಸತ್ತ ಭಾರತೀಯರು. ಸಿಂಹದ ತಲೆ, ಮೀನಿನ ಬಾಲದ ಮರ್ಲಯನ್ ಪ್ರತಿಮೆ ಹತ್ತಿರ ಫೋಟೋ ತೆಗೆಸಿಕೊಂಡು ಸ್ವಲ್ಪ ನಡೆದರೆ ಎಸ್ಪ್ಲನೇಡ್ ಪಾರ್ಕ್, ಅಲ್ಲಿ 1995ರಲ್ಲಿ ಹಾಕಿದ ಬ್ರಿಟಿಷರ ವಿರುದ್ಧ ನೇತಾಜಿ ನಡೆಸಿದ ಆಜಾದ್ ಹಿಂದ್ ಫೌಜಿನ ಗುರುತು ಫಲಕ ಇದೆ. 1945ರಲ್ಲಿ ಕಟ್ಟಿದ್ದ ಮೂಲ ಸ್ಮಾರಕವನ್ನು ವಾಪಸ್ ಬಂದ ಬ್ರಿಟಿಷರು ಕೆಡವಿಹಾಕಿದರು. ಒಂದೇ ಪಡೆಯಲ್ಲಿ ಜೊತೆಗೆ ಉಂಡವರು ಆ ಕಡೆ ಈ ಕಡೆ ಆದರು. ನಾನು ಎರಡು ಕಡೆಯೂ ಹೋಗಿ ಕೈ ಮುಗಿದೆ. ನಿಮಗೆ ಹೇಗೆ ತೋಚುತ್ತದೋ ಹಾಗೆ ಮಾಡಿ, ಒಂದನ್ನು ಮಾತ್ರ ನೋಡಿ ಬರಬೇಡಿ.

ಕಾಂಚನಬುರಿಯಲ್ಲಿ ಬಿಟ್ಟುಹೋದವರು ಇನ್ನೂ ಜಾಸ್ತಿ. ಆ ರೈಲು ಮಾರ್ಗ ಹಾಕುವಾಗ 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಅವರಿಗೆ ಒಪ್ಪವಾದ ಸ್ಮಶಾನ, ಹುಲ್ಲು, ಹೂವು ಎಲ್ಲ ಇದೆ. ಮಲಯದ ರಬ್ಬರ್ ತೋಟಗಳಿಂದ ಸಾಗಿಸಿದ ತಮಿಳರು, ತೆಲುಗರು, ಜೊತೆಗೆ ಬರ್ಮಾ, ಜಾವಾದ ಕೂಲಿಗಳು ಅದಕ್ಕಿಂತ ಹಲವು ಪಟ್ಟು ಸತ್ತರು. ಅವರ ಹೆಸರು ಗೋಡೆಯ ಮೇಲಿಲ್ಲ. ನಮ್ಮ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವವರು ಎಷ್ಟು ಜನ! ರೈಲಿನ ಕಿಟಕಿಯಲ್ಲಿ ಕೂತಾಗ ಅದೇ ಯೋಚನೆ ಬರುತ್ತಿತ್ತು. ಇಂಥ ಕಡೆ ಹಿಡಿದು ಹೋಗಲು ಹೆಸರು ಸಿಗುವುದಿಲ್ಲ.

ಊರಿಗೆ ಬಂದ ಮೇಲೆ

ಹೆಸರಿನ ಫೋಟೋ ಎರಡು ಅಲ್ಲೇ ತೆಗೆದಿಟ್ಟುಕೊಳ್ಳಿ, ಹತ್ತಿರದಿಂದ ಒಂದು, ಇಡೀ ಗೋಡೆ ಕಾಣುವ ಹಾಗೆ ಒಂದು. ಮೊಬೈಲಲ್ಲಿ ತೋರಿಸಬೇಡಿ, ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೊಡಿ. ದಾಖಲೆಯ ಪುಟವನ್ನು ಮನೆಯವರಿಗೆ ಪೂರ್ತಿ ಓದಿ ಹೇಳಿ, ಸಾಧ್ಯವಾದರೆ ಹೊರಡುವ ಮುಂಚೆಯೇ. ಇದರಲ್ಲೂ ನಾನು ತಪ್ಪಿದೆ. ಕಾಲಮ್ ಸಂಖ್ಯೆ ಬರೆದುಕೊಂಡು, ಕಾಗದ ಮಡಚಿ ಬ್ಯಾಗಿನಲ್ಲಿ ಇಟ್ಟಿದ್ದೆ, ಅಷ್ಟೇ.

ಅಜ್ಜಿ ಫೋಟೋ ತೊಡೆ ಮೇಲೆ ಇಟ್ಟುಕೊಂಡು ಬೆರಳಾಡಿಸಿದರು. ಇಂಗ್ಲಿಷ್ ಬರುವುದಿಲ್ಲ, ಯಾವ ಸಾಲು ಅಂತ ನಾನು ತೋರಿಸಿದೆ.

"ಊರ ಹೆಸರು ಹಾಕವ್ರಾ?"

ಗೋಡೆ ಮೇಲೆ ಊರಿನ ಹೆಸರು ಹಾಕುವುದಿಲ್ಲ. ಪಡೆ, ದರ್ಜೆ, ಹೆಸರು, ಅಷ್ಟೇ. ಆಗ ಆ ಕಾಗದ ನೆನಪಾಗಿ ತೆಗೆದೆ. ಕೊನೆಯಲ್ಲಿ ಒಂದು ಸಾಲು: ಇಂಥವರ ಮಗ, ಇಂಥವಳ ಗಂಡ, ಇಂಥ ಊರು, ಕೋಲಾರ. ಊರಿನ ಕಾಗುಣಿತ ಕೆಟ್ಟಿತ್ತು. ಹೆಂಡತಿಯ ಹೆಸರು ಸರಿಯಾಗಿತ್ತು.

"ನಮ್ಮವ್ವನ ಹೆಸರೂ ಬರೆದವ್ರಾ?" ಅಂದರು ಅಜ್ಜಿ. ಎರಡು ಸಲ ಓದಿಸಿದರು. ಆಮೇಲೆ ಮೊಮ್ಮಗಳನ್ನು ಕೂಗಿ, ಆ ಸಾಲನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಫೋಟೋ ಕೆಳಗೆ ಅಂಟಿಸು ಅಂದರು. ಊರಿನ ಹೆಸರು ಮಾತ್ರ ಸರಿಯಾಗಿ ಬರಿ ಅಂದರು.